ಬಣವೆಯನ್ನು ಬಿಟ್ಟ ಸಮಾವೇಶ

ಪಶು ಆಹಾರದ ಮಾತು ಬಂದರೆ ಕ್ಲಫ್ಮಾ ಸಂಘದ ವಾರ್ಷಿಕ ರಾಷ್ಟ್ರೀಯ ವಿಚಾರಸಂಕಿರಣವನ್ನೇ ಪ್ರಮಾಣವಾಗಿ ತೋರಿಸುವ ರೂಢಿ ಬೆಳೆದಿದೆ. 1967ರಲ್ಲಿ ಹುಟ್ಟಿ ಮುಂಬೈಯಲ್ಲಿ ನೆಲೆಯೂರಿದ ಈ ತಯಾರಕರ ಸಂಘಕ್ಕೆ ಉದ್ಯಮದ ಪರವಾಗಿ ಮಾತಾಡುವ ಹಕ್ಕು ಖಂಡಿತ ಇದೆ. ದೇಶದ ದನಗಳ ಹೊಟ್ಟೆಯ ಲೆಕ್ಕ ಒಪ್ಪಿಸುವ ವೇದಿಕೆ ಎಂಬ ಕೀರ್ತಿ ಮಾತ್ರ ಅದಕ್ಕೆ ಸಲ್ಲದು. ಕಾರ್ಖಾನೆಯ ಮೇವಿನಲ್ಲಿ ಸಿಂಹಪಾಲು ಕೋಳಿಗೆ ಹೋಗುವುದರಿಂದ ಚರ್ಚೆಯೂ ಮೆಕ್ಕೆಜೋಳ, ಸೋಯಾ ಹಿಂಡಿಯ ದರದ ಕಡೆಗೇ ವಾಲುತ್ತದೆ. ಸವದತ್ತಿ, ರಾಮದುರ್ಗದ ಎಮ್ಮೆಗಳು ತಿನ್ನುವ ಜೋಳದ ಕಣಕಿಗೆ ಅಲ್ಲಿ ವಕೀಲರಿಲ್ಲ.

ಉದ್ಯಮದ ಮಾತುಗಳಲ್ಲಿ ಪದೇ ಪದೇ ಬರುವ ಒಂದು ಕೋಷ್ಟಕವನ್ನು ಹತ್ತಿರದಿಂದ ನೋಡಬೇಕು. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ‘ವಿಷನ್ 2050’ ದಾಖಲೆಯ ಅಂಕಿಗಳವು: ಹಸಿ ಮೇವಿನ ಕೊರತೆ ಶೇ 35.6, ಒಣ ಮೇವಿನದು ಶೇ 10.95, ದಾಣಿಯದು ಶೇ 44. ಓದಿದ ಕೂಡಲೇ ಕಣ್ಣು 44ರ ಮೇಲೆ ನಿಲ್ಲುತ್ತದೆ; ಪರಿಹಾರವೆಂದರೆ ದಾಣಿಯ ಚೀಲ ಎಂದು ಮನಸ್ಸು ತೀರ್ಮಾನಿಸುತ್ತದೆ. ಆದರೆ ಈ ಮೂರೂ ಸಾಲು ಎಣಿಸುವುದು ತೂಕವನ್ನು. ಬೇಕಾದದ್ದೆಷ್ಟು, ಇರುವುದೆಷ್ಟು ಎಂದು ಕಳೆದು ತೆಗೆದ ಲೆಕ್ಕವದು. ಒಂದು ಸೂಡು ಕಣಕಿಯಲ್ಲಿ ದನಕ್ಕೆ ಜೀರ್ಣವಾಗುವುದೆಷ್ಟು ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿಲ್ಲ.

ಆ ಪ್ರಶ್ನೆ ಸಣ್ಣದಲ್ಲ. ಹೈದರಾಬಾದಿನ ಕಣಕಿ ವ್ಯಾಪಾರವನ್ನು ಅಭ್ಯಾಸ ಮಾಡಿದ ಬ್ಲ್ಯೂಮೆಲ್ ಮತ್ತು ಪಾರ್ಥಸಾರಥಿ ರಾವ್ 2006ರಲ್ಲಿ ತೋರಿಸಿದ್ದು ಇದನ್ನೇ: ಜೀರ್ಣವಾಗುವ ಅಂಶ ಶೇ 47ರಿಂದ 52ಕ್ಕೆ ಏರಿದರೆ ಕಣಕಿಯ ಬೆಲೆ ಕಾಲು ಭಾಗದಷ್ಟು ಹೆಚ್ಚುತ್ತದೆ. ಪೇಟೆ ಗುರುತಿಸಿದ ಈ ಐದು ಶೇಕಡಾಂಶದ ವ್ಯತ್ಯಾಸ ಕೋಷ್ಟಕದ ಕಣ್ಣಿಗೆ ಬೀಳುವುದಿಲ್ಲ. ಎರೆಭೂಮಿಯ ರೈತ ಹಿಂಗಾರಿಗೆ ಮಾಲ್ದಂಡಿ ಜೋಳ ಬಿತ್ತುವಾಗ ಕಾಳಿನ ಜೊತೆಗೆ ಬಣವೆಯ ಲೆಕ್ಕವನ್ನೂ ಹಾಕಿರುತ್ತಾನೆ. ಕಣಕಿ ಚೆನ್ನಾಗಿ ಜೀರ್ಣವಾದಷ್ಟೂ ಕೊಂಡು ತರುವ ದಾಣಿ ಕಡಿಮೆ ಸಾಕು. ಅಂದರೆ ಆ ಶೇ 44ರ ಒಂದು ಪಾಲನ್ನು ಒಣ ಮೇವಿನ ಸಾಲಿನಲ್ಲೇ ತುಂಬಿಸಿಕೊಳ್ಳಬಹುದು.

ಭತ್ತದ ಹುಲ್ಲಿಗೂ ದಾರಿಯಿದೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50-60 ಲೀಟರ್ ನೀರಿನಲ್ಲಿ ಕರಗಿಸಿ ಸಿಂಪಡಿಸಿ, ಒತ್ತಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಅದರ ಪ್ರೋಟೀನ್ ಅಂಶವೂ ಜೀರ್ಣವಾಗುವ ಗುಣವೂ ಏರುತ್ತವೆ. ಹಳೆಯ, ಪರೀಕ್ಷಿತ ವಿಧಾನವಿದು. ಕಿತ್ತೂರು ಕಡೆಯ ಭತ್ತದ ಹೊಲಗಳಿಗೆ ನೇರವಾಗಿ ಒದಗುವಂಥದ್ದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಬಣದ ವಿಮರ್ಶಕರ ಜೊತೆಗೂ ಜಗಳವಾಡಲೇಬೇಕು. ಚೀಲದ ಆಹಾರವೆಲ್ಲ ವಿಷ, ಮನೆಯ ಹಿಂಡಿಯೇ ಅಮೃತ ಎನ್ನುವವರು ಇವರು. ದಿನಕ್ಕೆ ಹದಿನೈದು ಲೀಟರ್ ಕರೆಯುವ ಮಿಶ್ರತಳಿ ಹಸುವನ್ನು ಬರೀ ಕಣಕಿ, ಹೊಟ್ಟಿನ ಮೇಲೆ ನಿಲ್ಲಿಸಿದರೆ ಅದು ಸೊರಗುತ್ತದೆ. ಹಸಿಯಾರದೆ ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿ ಹಾಲಿಗೂ ಇಳಿಯುತ್ತದೆ. ಪಶು ಆಹಾರದ ಐಎಸ್ 2052 ಮಾನದಂಡ ಕಿಲೋಗೆ 20 ಮೈಕ್ರೋಗ್ರಾಂ ಮಿತಿ ಹಾಕಿದ್ದು ಇದಕ್ಕೇ. ಕೆಎಂಎಫ್‌ನ ಧಾರವಾಡ ಕಾರ್ಖಾನೆಯಂಥವು ರೈತನಿಗೆ ಬೇಕೇ ಬೇಕು. ಮನೆಯ ಹಿಂಡಿಗೆ ಇಂಥ ಪರೀಕ್ಷೆ ಯಾರು ಮಾಡುತ್ತಾರೆ? ‘ಹಳೆಯದೇ ಒಳ್ಳೆಯದು’ ಎನ್ನುವವರು ಈ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಅವರ ಈ ಮೌನವೇ ಸಮಾವೇಶದ ಕೀರ್ತಿ ಉಬ್ಬಲು ನೆರವಾಗಿದೆ.

ಉದ್ಯಮ ಯಾರ ಪರ ಎಂಬುದು 2021ರ ಆಗಸ್ಟ್‌ನಲ್ಲಿ ಸ್ಪಷ್ಟವಾಯಿತು. ಕೋಳಿ ಮತ್ತು ಮೇವು ಉದ್ಯಮದ ಒತ್ತಾಯಕ್ಕೆ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಒಪ್ಪಿತು. ಮುಂಗಾರಿನ ಸೋಯಾ ಪೇಟೆಗೆ ಬರಲು ಆಗ ಕೆಲವೇ ವಾರಗಳಿದ್ದವು. ಬೈಲಹೊಂಗಲದ ಬೆಳೆಗಾರ ಸೋಯಾದ ಆಗಿನ ದರವನ್ನು ನಂಬಿ ಬಿತ್ತಿದ್ದ. ಹಿಂಡಿ ಅಗ್ಗವಾಗಬೇಕೆಂಬ ತಯಾರಕರ ಬಯಕೆಗೆ ಕಾರಣವಿದೆ. ಅದನ್ನು ಜಾನುವಾರು ಸಾಕುವವರೆಲ್ಲರ ಹಿತವೆಂದು ಮಂಡಿಸುವುದು ತಪ್ಪು, ಏಕೆಂದರೆ ಈ ಭಾಗದಲ್ಲಿ ಎಮ್ಮೆ ಕಟ್ಟುವ ಮನೆಯೇ ಸೋಯಾ ಬೆಳೆಯುವ ಮನೆ.

ಝಾನ್ಸಿ ಸಂಸ್ಥೆಯದೇ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ, ಕಿತ್ತೂರಿನಿಂದ 30 ಚಿಲ್ಲರೆ ಕಿಲೋಮೀಟರ್ ದೂರ. ಸಂಘಕ್ಕೆ ದನಗಳ ಹೆಸರು ಹೇಳುವ ಇಚ್ಛೆಯಿದ್ದರೆ ಮುಂದಿನ ಸಮಾವೇಶದ ಮೊದಲ ಗೋಷ್ಠಿಗೆ ಅಲ್ಲಿನ ಮೇವು ವಿಜ್ಞಾನಿಗಳನ್ನು ಕರೆಯಲಿ. ಕೊರತೆಯ ಕೋಷ್ಟಕಕ್ಕೆ ಜೀರ್ಣಾಂಶದ ಸಾಲೊಂದನ್ನು ಸೇರಿಸಿ, ಜಿಲ್ಲಾವಾರು ಬಿಡಿಸಿ ಮುಂದಿಡಲಿ.