ಜಿಂಕೆಯ ಕುಸ್ತಿ, ಬೆಕ್ಕಿನ ಕಡಿತ

ದಿನನಿತ್ಯದ ಬದುಕನ್ನು ಹೇಳುವ ಅನಿಮೇಷನ್ ಹಾಸ್ಯದ ಮಾತು ಬಂದಾಗಲೆಲ್ಲ 'ನಿಚಿಜೋ'ಗೆ ಮೊದಲ ಮಣೆ ಹಾಕುವುದು ರೂಢಿಯಾಗಿಬಿಟ್ಟಿದೆ. 2011ರಲ್ಲಿ ಕ್ಯೋಟೋ ಆನಿಮೇಷನ್ ತಯಾರಿಸಿದ ಈ ಸರಣಿಯಲ್ಲಿ ಎಲ್ಲರ ಬಾಯಲ್ಲೂ ಇರುವುದು ಒಂದೇ ದೃಶ್ಯ: ಮುಖ್ಯೋಪಾಧ್ಯಾಯರು ಶಾಲೆಯ ಅಂಗಳದಲ್ಲಿ ಜಿಂಕೆಯ ಜೊತೆ ಕುಸ್ತಿಗಿಳಿದು ಅದನ್ನೆತ್ತಿ ಅಪ್ಪಳಿಸುವುದು. ಚಿತ್ರಕಾರರ ಕೈಚಳಕದ ಬಗ್ಗೆ ನನಗೆ ತಕರಾರಿಲ್ಲ. ಮೊದಲ ಕಂತಿನಲ್ಲಿ ವಿದ್ಯಾರ್ಥಿನಿ ಯೂಕೊಳ ಸಾಸೇಜು ಚಾಪ್‌ಸ್ಟಿಕ್ಕಿನಿಂದ ಜಾರಿದಾಗ, ಅದನ್ನು ಹಿಡಿಯುವ ಪರದಾಟವನ್ನು ಮಹಾಯುದ್ಧದಂತೆ ಬಿಡಿಸಿದ್ದಾರೆ, ನಾನೂ ನಕ್ಕಿದ್ದೇನೆ. ಆದರೆ ಕಾರಣ ಚಿಕ್ಕದು, ಆರ್ಭಟ ದೊಡ್ಡದು ಎಂಬ ಗುಟ್ಟು ಒಮ್ಮೆ ತಿಳಿದ ಮೇಲೆ ಮುಂದಿನ ನಗೆಗೆ ಇನ್ನೂ ದೊಡ್ಡ ಆರ್ಭಟವೇ ಬೇಕಾಗುತ್ತದೆ. ಅಲ್ಲಿ ದಿನಚರಿ ಬರೀ ಚಿಮ್ಮುಹಲಗೆ.

ಅದಕ್ಕೂ ಒಂಬತ್ತು ವರ್ಷ ಮೊದಲು, 2002ರಲ್ಲಿ, ಬಂದ 'ಅಜುಮಾಂಗ ದಾಯೋ' ಇಂಥ ಹಾಸ್ಯದ ನಿಜವಾದ ಕಷ್ಟವನ್ನು ಎದುರಿಸಿತ್ತು. ಕಿಯೋಹಿಕೊ ಅಜುಮಾ ಅವರ ಮೂಲ ಮಾಂಗಾ ನಾಲ್ಕು ಚೌಕಗಳದ್ದು. ಮೂರನೆಯ ಚೌಕದಿಂದ ನಾಲ್ಕನೆಯದಕ್ಕೆ ಎಷ್ಟು ಹೊತ್ತಿಗೆ ಹೋಗಬೇಕೆಂಬುದು ಪುಟದ ಮೇಲೆ ಓದುಗನ ಕಣ್ಣಿಗೆ ಬಿಟ್ಟದ್ದು. ತೆರೆಯ ಮೇಲೆ ಆ ಅವಧಿಯನ್ನು ನಿರ್ದೇಶಕನೇ ತೀರ್ಮಾನಿಸಬೇಕು. ಹಿರೋಶಿ ನಿಶಿಕೋರಿ ಅದನ್ನು ಎಳೆದರು, ನಾಚಿಕೆಯಿಲ್ಲದೆ ಎಳೆದರು.

ಸಕಾಕಿ ಮತ್ತು ಬೆಕ್ಕಿನ ಪ್ರಸಂಗವನ್ನೇ ನೋಡಿ. ಸಕಾಕಿ ಎತ್ತರದ, ಮಿತಭಾಷಿ ಹುಡುಗಿ. ತರಗತಿಯವರ ಕಣ್ಣಿಗೆ ಗಟ್ಟಿಗಿತ್ತಿ. ಒಳಗೊಳಗೇ ಮುದ್ದಾದ ಪ್ರಾಣಿಗಳೆಂದರೆ ಪ್ರಾಣ. ದಾರಿಯಲ್ಲಿ ಒಂದು ಬೆಕ್ಕು. ಅವಳ ಕೈ ಮುಂದೆ ಹೋಗುತ್ತದೆ, ನಿಧಾನವಾಗಿ. ಬೆಕ್ಕು ಅಲ್ಲಾಡುವುದಿಲ್ಲ, ಸಂಗೀತ ಅವಸರ ಮಾಡುವುದಿಲ್ಲ. ಕಚ್ಚುತ್ತದೆಂದು ನಮಗೆ ಗೊತ್ತು, ಎರಡನೆಯ ಸಲದಿಂದ ಅವಳಿಗೂ ಗೊತ್ತು. ಆದರೂ ಕೈ ಹೋಗುತ್ತದೆ. ಹಾಸ್ಯವಿರುವುದು ಕಡಿತದಲ್ಲಲ್ಲ. ಈ ಸಲವಾದರೂ ಎಂಬ ಆಸೆಗೆ ಸರಣಿ ಪೂರ್ತಿ ಸಮಯ ಕೊಡುವುದರಲ್ಲಿದೆ. ಪಟ್ಟಿ ಸುತ್ತಿದ ಕೈ ಕಂಡು ಗೆಳತಿಯರು ಎಲ್ಲೋ ಹೊಡೆದಾಡಿ ಬಂದಿದ್ದಾಳೆ ಎಂದುಕೊಳ್ಳುತ್ತಾರೆ. ಅವಳು ತಿದ್ದುವುದೂ ಇಲ್ಲ. ಕಂತುಗಳು ಕಳೆದಂತೆ ಇದೇ ಪ್ರಸಂಗ ಮರಳುತ್ತದೆ, ದೊಡ್ಡದಾಗದೆ. ಹಾಗಾಗಿಯೇ ಇರಿಯೊಮೊಟೆ ದ್ವೀಪದಲ್ಲಿ ಕಾಡುಬೆಕ್ಕಿನ ಮರಿಯೊಂದು ಕಚ್ಚದೆ ಅವಳ ಹತ್ತಿರ ಬಂದಾಗ ನೋಡುವವರ ಗಂಟಲು ಕಟ್ಟುತ್ತದೆ. ಯಾವ ಭಾಷಣವೂ ಇಲ್ಲದೆ.

ಈ ನಿಶ್ಚಲತೆ ಕಲೆಯಲ್ಲ, ಖರ್ಚು ಉಳಿಸುವ ಉಪಾಯ ಎನ್ನುವವರಿದ್ದಾರೆ. ಇರಲಿ, ಅದರಿಂದೇನು? ದೂರದರ್ಶನ ಅನಿಮೇಷನ್ ಹುಟ್ಟಿದ್ದೇ ಕಡಿಮೆ ಚಿತ್ರಗಳಲ್ಲಿ ಕೆಲಸ ಮುಗಿಸುವ ಒತ್ತಾಯದಿಂದ. ಒತ್ತಾಯವನ್ನು ಲಯವಾಗಿಸಿದವರನ್ನು ಬಡವರೆಂದು ಜರಿದು, ಚಿತ್ರಗಳನ್ನು ಸುರಿದವರನ್ನು ಹೊಗಳುವುದು ವಿಮರ್ಶೆಯಲ್ಲ, ಲೆಕ್ಕಪತ್ರ. ಇನ್ನೊಂದು ಗುಂಪು ಇವನ್ನೆಲ್ಲ 'ಏನೂ ಘಟಿಸದ, ಮನಸ್ಸು ತಣಿಸುವ' ಸರಣಿಗಳೆಂದು ಮೆಚ್ಚುತ್ತದೆ. ಈ ಮೆಚ್ಚುಗೆ ಆ ತೆಗಳಿಕೆಗಿಂತಲೂ ಕೆಟ್ಟದ್ದು. 'ಅಜುಮಾಂಗ'ದಲ್ಲಿ ಪ್ರೌಢಶಾಲೆಯ ಮೂರು ವರ್ಷಗಳೇ ಘಟಿಸುತ್ತವೆ. ಕ್ರೀಡಾಕೂಟ, ಶಾಲಾ ಉತ್ಸವ, ಸಹಪಾಠಿ ಚಿಯೋಳ ಬೇಸಿಗೆ ಮನೆ ಮತ್ತೆ ಮತ್ತೆ ಬರುತ್ತವೆ; ಪ್ರತಿಸಲ ಹುಡುಗಿಯರು ಕೊಂಚ ಬೇರೆಯಾಗಿರುತ್ತಾರೆ. ಕೊನೆಗೆ ಪ್ರವೇಶ ಪರೀಕ್ಷೆ, ಬೀಳ್ಕೊಡುಗೆ. 1969ರಿಂದ ಪ್ರಸಾರವಾಗುತ್ತಿರುವ 'ಸಜಾಯೆ-ಸಾನ್'ನ ಕುಟುಂಬಕ್ಕೆ ಇಂದಿಗೂ ವಯಸ್ಸಾಗಿಲ್ಲ. ಅಲ್ಲಿನ ಸೊಗಸು ಬೇರೆ. ಇಲ್ಲಿ ಒಣಹರಟೆಗೂ ಬೆಲೆ ಬರುವುದು ಅದು ಮುಗಿಯಲಿರುವುದರಿಂದ.

'ನಿಚಿಜೋ'ಗೂ ಅದರ ಪಾಲು ಸಲ್ಲಬೇಕು. ಬೆನ್ನಿನ ಕೀಲಿಯನ್ನು ಮುಚ್ಚಿಡಲು ಹೆಣಗುವ ಯಂತ್ರಹುಡುಗಿ ನಾನೊ, ಅವಳನ್ನು ಸೃಷ್ಟಿಸಿದ ಎಂಟು ವರ್ಷದ ಪುಟ್ಟ ಪ್ರೊಫೆಸರ್, ಇವರ ಮನೆಯ ದೃಶ್ಯಗಳು ಸೊಗಸಾಗಿವೆ. ಸೊಗಸಾಗಿರುವುದು ಆರ್ಭಟ ನಿಂತಲ್ಲಿ ಎನ್ನುವುದನ್ನೂ ಸೇರಿಸಬೇಕಷ್ಟೆ.

'ಅಜುಮಾಂಗ' ಮೊದಲು ಪ್ರಸಾರವಾದದ್ದು ವಾರದ ದಿನಗಳಲ್ಲಿ ಐದೈದು ನಿಮಿಷದ ತುಣುಕುಗಳಾಗಿ. ಐದು ಸೇರಿ ಒಂದು ಕಂತು. ಹೊಸದಾಗಿ ನೋಡುವವರು ಒಂದೇ ರಾತ್ರಿ ಮುಗಿಸದೆ, ದಿನಕ್ಕೊಂದು ತುಣುಕಿನಂತೆ ನೋಡಲಿ.