ಕುಟುಂಬ ಯೋಜನಾ ಸೇವೆಯ ಗುಣಲಕ್ಷಣ: ಒಂದು ವಿಮರ್ಶೆ

ಯಾವುದೊಂದು ಪದಾರ್ಥವನ್ನು ಪರೀಕ್ಷಿಸಬೇಕಾದರೂ ಮೊದಲು ಅದರ ಲಕ್ಷಣವನ್ನು ನಿರ್ಣಯಿಸಿಕೊಳ್ಳಬೇಕೆಂಬುದು ಶಾಸ್ತ್ರಕಾರರೆಲ್ಲರಿಗೂ ಸಮ್ಮತವಾದ ಕ್ರಮ. ನಮ್ಮ ನಗರಗಳಲ್ಲಿ ನಡೆಯುತ್ತಿರುವ ಕುಟುಂಬ ಯೋಜನಾ ಸೇವೆಯು ಉತ್ತಮವೋ ಅಧಮವೋ ಎಂಬ ಪ್ರಶ್ನೆಗೆ ಬಹುಕಾಲ ಸಂಖ್ಯೆಯೊಂದೇ ಉತ್ತರವಾಗಿ ನಿಂತಿತ್ತು: ಈ ವರ್ಷ ಇಷ್ಟು ಶಸ್ತ್ರಚಿಕಿತ್ಸೆ, ಇಷ್ಟು ವಂಕಿ, ಇಷ್ಟು ಗುಳಿಗೆ. ವೈಶೇಷಿಕರು ಸಂಖ್ಯೆಯನ್ನೂ ಗುಣಗಳಲ್ಲಿ ಸೇರಿಸಿದ್ದಾರೆ, ನಿಜ. ಆದರೆ ಇಪ್ಪತ್ತನಾಲ್ಕರಲ್ಲಿ ಅದೂ ಒಂದೆಂದರೇ ಹೊರತು ಅದೊಂದೇ ಗುಣವೆಂದು ಅವರು ಹೇಳಲಿಲ್ಲ.

ಈ ನ್ಯೂನತೆಯನ್ನು ಪರಿಹರಿಸುವ ಉದ್ದೇಶದಿಂದ 1990ರಲ್ಲಿ ಅಮೆರಿಕದ ಪಾಪ್ಯುಲೇಷನ್ ಕೌನ್ಸಿಲ್ ಸಂಸ್ಥೆಯ ಜೂಡಿತ್ ಬ್ರೂಸ್ ಎಂಬ ವಿದುಷಿಯು ‘ಸ್ಟಡೀಸ್ ಇನ್ ಫ್ಯಾಮಿಲಿ ಪ್ಲಾನಿಂಗ್’ ಎಂಬ ಪತ್ರಿಕೆಯಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿ, ಸೇವೆಯ ಗುಣಕ್ಕೆ ಆರು ಅಂಗಗಳನ್ನು ನಿರೂಪಿಸಿದರು. ಉಪಾಯಗಳಲ್ಲಿ ಆಯ್ಕೆ, ಬಂದವರಿಗೆ ಕೊಡತಕ್ಕ ತಿಳಿವಳಿಕೆ, ವೈದ್ಯಕೌಶಲ, ಪರಸ್ಪರ ನಡವಳಿಕೆ, ಮುಂದುವರಿಯುವ ಆರೈಕೆ, ಮತ್ತು ಸ್ತ್ರೀಯ ಇತರ ಅಗತ್ಯಗಳೊಡನೆ ಸೇವೆಯ ಹೊಂದಾಣಿಕೆ ಎಂಬಿವೇ ಆ ಆರು. ಇಂದು ಈ ವಿಷಯವಾಗಿ ಬರೆಯುವವರೆಲ್ಲರೂ ಈ ಲಕ್ಷಣವನ್ನು ಅನುಸರಿಸುವವರು ಅಥವಾ ಅದನ್ನು ತಿದ್ದುವವರು. ಎಣಿಕೆಯಿಂದ ಮನುಷ್ಯನ ಕಡೆಗೆ ದೃಷ್ಟಿಯನ್ನು ತಿರುಗಿಸಿದ ಕೀರ್ತಿ ಇದಕ್ಕೆ ಸಲ್ಲತಕ್ಕದ್ದು. ಆದರೂ ಲಕ್ಷಣವೆಂದಮೇಲೆ ಅವ್ಯಾಪ್ತಿ, ಅತಿವ್ಯಾಪ್ತಿಗಳ ಪರೀಕ್ಷೆಗೆ ಅದು ಒಳಗಾಗಲೇಬೇಕು. ಆರು ಅಂಗಗಳನ್ನೂ ಸಮಾನವೆಂಬಂತೆ ಸಾಲಾಗಿ ನಿಲ್ಲಿಸಿರುವುದೇ ಇದರ ದೋಷವೆಂದು ನಮಗೆ ತೋರುತ್ತದೆ. ಇವುಗಳಲ್ಲಿ ಎರಡನೆಯದು, ಎಂದರೆ ತಿಳಿವಳಿಕೆ, ಅಂಗವಲ್ಲ, ಅಂಗಿ. ಉಳಿದ ಐದಕ್ಕೂ ಅದರಿಂದಲೇ ಅರ್ಥ ಬರುತ್ತದೆ.

ಮೊದಲು ಆಯ್ಕೆಯನ್ನು ನೋಡೋಣ. ಈ ಸೇವೆಗೂ ನಮ್ಮ ನಾಡಿಗೂ ಇರುವ ಸಂಬಂಧ ಹಳೆಯದು. ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಪ್ರಪಂಚದಲ್ಲಿ ಸರ್ಕಾರವೊಂದು ಈ ಕಾರ್ಯಕ್ಕೆ ಕೈಹಾಕಿದುದು ಇದೇ ಮೊದಲೆಂದು ಸಾಮಾನ್ಯವಾಗಿ ಹೇಳುತ್ತಾರೆ. 1952ರಲ್ಲಿ ಭಾರತ ಸರ್ಕಾರದ ಕಾರ್ಯಕ್ರಮ ಆರಂಭವಾಗುವ ವೇಳೆಗೆ ದಿಲ್ಲಿಯ ಲೋಧಿ ಕಾಲೋನಿಯಲ್ಲಿಯೂ ಬೆಂಗಳೂರಿಗೆ ಸಮೀಪದ ರಾಮನಗರದಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಒಂದು ಪ್ರಯೋಗ ನಡೆಯಿತು. ಋತುಕಾಲದ ದಿನಗಳನ್ನು ಎಣಿಸಿ ಸಂಯಮದಿಂದಿರುವ ಕ್ರಮವೊಂದನ್ನೇ ಅಲ್ಲಿ ಕಲಿಸಿದರು; ಎಣಿಕೆ ತಪ್ಪದಿರಲೆಂದು ಬಣ್ಣಬಣ್ಣದ ಮಣಿಗಳ ಸರವನ್ನು ಸ್ತ್ರೀಯರಿಗೆ ಕೊಟ್ಟರು. ಆಗಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಅವರು ಗಾಂಧೀಮಾರ್ಗದವರಾದ್ದರಿಂದ ಬೇರೆ ಉಪಾಯಗಳಿಗೆ ಒಪ್ಪುವವರಾಗಿರಲಿಲ್ಲ. ಕಲಿಸಿದವರು ಶ್ರದ್ಧಾವಂತರೇ, ಆದರೆ ಒಂದೇ ವಸ್ತುವನ್ನು ಮುಂದಿಟ್ಟು ಆರಿಸಿಕೊಳ್ಳೆಂದರೆ ಆರಿಸುವುದಾದರೂ ಏನನ್ನು?

ಅಲ್ಲಿಂದ 1976ಕ್ಕೆ ಬಂದರೆ ಆಯ್ಕೆಯ ಮಾತೇ ಉಳಿಯಲಿಲ್ಲ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಶಸ್ತ್ರಚಿಕಿತ್ಸೆಗಳು ನಡೆದವು. ಒಳಗಾದವರಲ್ಲಿ ಬಹುಭಾಗ ಪುರುಷರು. ಆ ಬಲಾತ್ಕಾರದ ನೆನಪಿನಿಂದ 1977ರಲ್ಲಿ ಇಲಾಖೆಯ ಹೆಸರೇ ‘ಕುಟುಂಬ ಕಲ್ಯಾಣ’ವೆಂದು ಬದಲಾಯಿತು, ಭಾರವು ಸದ್ದಿಲ್ಲದೆ ಪುರುಷರಿಂದ ಸ್ತ್ರೀಯರ ಮೇಲೆ ಸರಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 37.9 ಮಂದಿ, ಕರ್ನಾಟಕದಲ್ಲಿ 57.4 ಮಂದಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಪುರುಷರ ಶಸ್ತ್ರಚಿಕಿತ್ಸೆ ದೇಶದಲ್ಲಿ 0.3. ಎರಡರಲ್ಲಿ ಪುರುಷರದೇ ಸರಳವೆಂಬುದನ್ನು ವೈದ್ಯರೆಲ್ಲರೂ ಬಲ್ಲರು. ಇಂದು ಗುಳಿಗೆಯಿದೆ, ನಿರೋಧವಿದೆ, ವಂಕಿಯಿದೆ, 2017ರಿಂದ ‘ಅಂತರಾ’ ಎಂಬ ಸೂಜಿಮದ್ದೂ ‘ಛಾಯಾ’ ಎಂಬ ಮಾತ್ರೆಯೂ ಸರ್ಕಾರಿ ಸೇವೆಯಲ್ಲಿ ಸೇರಿವೆ. ಕಪಾಟಿನಲ್ಲಿ ಎಲ್ಲವೂ ಉಂಟು. ಬ್ರೂಸ್ ಅವರ ಮೊದಲನೆಯ ಅಂಗವನ್ನು ಕಪಾಟನ್ನು ತೆರೆದು ಪರೀಕ್ಷಿಸುವ ಪರೀಕ್ಷಕನಿಗೆ ಈ ಕೇಂದ್ರ ಗುಣವತ್ತಾಗಿಯೇ ಕಾಣುವುದು. ಇದು ಅತಿವ್ಯಾಪ್ತಿ. ಹೆಸರನ್ನೇ ಕೇಳದವಳಿಗೆ ಕಪಾಟಿನೊಳಗಿನ ಔಷಧ ಇದ್ದೂ ಇಲ್ಲದಂತೆ.

ಇನ್ನು ತಿಳಿವಳಿಕೆಯ ಸ್ವರೂಪವೇನು? ಈ ಪ್ರಶ್ನೆಯನ್ನು ನಮ್ಮ ನೈಯಾಯಿಕರು ಬಹಳ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಮಾತನ್ನಾಡಿದ ಮಾತ್ರಕ್ಕೆ ಶಾಬ್ದಬೋಧ ಹುಟ್ಟದು. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಕೂಡಬೇಕು. ಅವರು ಇವನ್ನು ಹೇಳಿದುದು ವಾಕ್ಯದೊಳಗಿನ ಪದಗಳ ವಿಷಯದಲ್ಲಿ. ಅದನ್ನು ಹೇಳುವವರ ಮತ್ತು ಕೇಳುವವರ ಸಂಬಂಧಕ್ಕೆ ವಿಸ್ತರಿಸುವ ಸ್ವಾತಂತ್ರ್ಯವನ್ನು ವಾಚಕರು ನಮಗೆ ಕೊಡಬೇಕು. ಸನ್ನಿಧಿಯನ್ನೇ ತೆಗೆದುಕೊಳ್ಳೋಣ. ಒಂದು ಪದವನ್ನು ಈಗಲೂ ಮತ್ತೊಂದನ್ನು ಜಾವ ಕಳೆದಮೇಲೂ ಉಚ್ಚರಿಸಿದರೆ ಅದು ವಾಕ್ಯವಾಗದು. ನಗರದ ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ ಪ್ರಸವವಾದ 48 ಗಂಟೆಗಳೊಳಗೆ ವಂಕಿಯನ್ನು ಅಳವಡಿಸುವ ಪದ್ಧತಿ 2010ರಿಂದೀಚೆಗೆ ಹರಡಿದೆ. ವಂಕಿಯ ವಿಷಯವನ್ನು ಗರ್ಭಿಣಿಗೆ ತಿಂಗಳುಗಳ ಮೊದಲೇ ತಿಳಿಸಬೇಕು, ಹೆರಿಗೆಯ ಬೇನೆಯ ನಡುವೆ ಮೊದಲ ಬಾರಿ ಕೇಳಕೂಡದು ಎಂದು ಸರ್ಕಾರದ ನಿಯಮವೇ ಹೇಳುತ್ತದೆ. ಏಕೆಂದರೆ ಬೇನೆ ತಿನ್ನುತ್ತಿರುವವಳಿಗೆ ಆಕಾಂಕ್ಷೆ ಇರುವುದು ಬೇನೆ ನಿಲ್ಲಬೇಕೆಂಬುದರಲ್ಲಿ, ವಂಕಿಯಲ್ಲಿ ಅಲ್ಲ. ಆಗ ಅವಳು ‘ಹೂಂ’ ಎಂದರೆ ಅದು ಸಮ್ಮತಿಯೆಂದು ಹೇಗೆ ಗ್ರಹಿಸುವುದು? ನಿಯಮವು ಸಾಧುವಾಗಿದೆ. ಆದರೆ ಒಂದೂರಿನ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಂಡು ಬೇರೊಂದು ಆಸ್ಪತ್ರೆಯಲ್ಲಿ ಹೆರುವ ನಗರದ ಸ್ತ್ರೀಗೆ ಮೊದಲು ಹೇಳಿದವರಾರು, ಬಳಿಕ ಕೇಳಿದವರಾರು? ಮಾತಿನ ಒಂದು ತುಂಡು ಅಲ್ಲಿ, ಒಂದು ತುಂಡು ಇಲ್ಲಿ.

ಆ ಮಾತಾದರೂ ಎಂತಹುದು ಎಂಬುದನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಶಬ್ದಪರೀಕ್ಷೆಯು ನಮ್ಮ ಕಸುಬು. ಸ್ತ್ರೀಯರ ಶಸ್ತ್ರಚಿಕಿತ್ಸೆಗೆ ಕನ್ನಡದಲ್ಲಿ ರೂಢಿಗೆ ಬಂದಿರುವ ಹೆಸರು ‘ಸಂತಾನಹರಣ ಚಿಕಿತ್ಸೆ’. ಹರಣವೆಂದರೆ ಕಸಿದುಕೊಳ್ಳುವುದು, ಕದ್ದೊಯ್ಯುವುದು. ಸೀತಾಪಹರಣ, ವಸ್ತ್ರಾಪಹರಣಗಳ ಕಥೆ ಕೇಳಿ ಬೆಳೆದ ಕಿವಿಗೆ ಈ ಪದದಿಂದ ಯಾವ ವ್ಯಂಗ್ಯಾರ್ಥ ಸ್ಫುರಿಸಬೇಕು? ಹುಟ್ಟಿದ ಮಕ್ಕಳಿಗೇ ಕೇಡೆಂಬ ಅರ್ಥವೂ ಈ ಸಮಾಸದಲ್ಲಿ ಅಡಗಿದೆ. ಪದವನ್ನು ಕಟ್ಟಿದವರು ಯಾರೋ, ಕೋಶ ಬಲ್ಲವರು, ಕಿವಿಯನ್ನು ಬಲ್ಲವರಲ್ಲ. ವಂಕಿಯೆಂದರೆ ತೋಳಿನ ಆಭರಣ. ಆಕಾರಸಾಮ್ಯದಿಂದ ಬಂದ ಹೆಸರಾದ್ದರಿಂದ ಕ್ಷಮ್ಯ. ‘ನಿರೋಧ’ವು 1968ರಲ್ಲಿ ಸರ್ಕಾರ ಬಳಕೆಗೆ ತಂದ ಹೆಸರು, ಯೋಗಶಾಸ್ತ್ರದಲ್ಲಿ ಚಿತ್ತಕ್ಕೆ ಹೇಳಿದ್ದು ಅಂಗಡಿಯ ಪೊಟ್ಟಣಕ್ಕೆ ಇಳಿಯಿತು, ಇರಲಿ. ಸೇವೆ ಪಡೆಯಲು ಬಂದವಳನ್ನು ಲೇಖನಿಕರು ‘ಫಲಾನುಭವಿ’ ಎಂದು ಬರೆಯುತ್ತಾರೆ. ಫಲವು ಬಾರದಿರಲೆಂದು ಬಂದವಳಿಗೆ ಈ ಹೆಸರು ಎಷ್ಟು ಚೋದ್ಯ! ನಗೆಯನ್ನು ಬದಿಗಿಟ್ಟರೂ, ಈ ಶಬ್ದವು ಅವಳನ್ನು ಕೊಟ್ಟದ್ದನ್ನು ಉಣ್ಣುವವಳನ್ನಾಗಿ ಮಾಡಿ, ಕೇಳುವವಳ ಸ್ಥಾನದಿಂದ ಕೆಳಗಿಳಿಸುತ್ತದೆ.

ಬೆಂಗಳೂರಿನಲ್ಲಿ ಮಾತು ಒಂದೇ ಭಾಷೆಯದೂ ಅಲ್ಲ. ಕನ್ನಡದೊಡನೆ ತಮಿಳು, ತೆಲುಗು, ಉರ್ದು, ಹಿಂದಿಗಳು ಒಂದೇ ಕೇರಿಯಲ್ಲಿ ಕೇಳಿಬರುತ್ತವೆ. 1990ರ ದಶಕದಲ್ಲಿ ವಿಶ್ವ ಬ್ಯಾಂಕಿನ ಸಾಲದಿಂದ ಬೆಂಗಳೂರು, ಕಲ್ಕತ್ತಾ, ದಿಲ್ಲಿ, ಹೈದರಾಬಾದುಗಳಲ್ಲಿ ನಡೆದ ‘ಇಂಡಿಯಾ ಪಾಪ್ಯುಲೇಷನ್ ಪ್ರಾಜೆಕ್ಟ್’ ಎಂಟನೆಯ ಯೋಜನೆಯು ಇಲ್ಲಿ ಒಂದು ವಿವೇಕವನ್ನು ತೋರಿಸಿತು. ಕೊಳಚೆ ಪ್ರದೇಶಗಳಲ್ಲಿ ಆರೋಗ್ಯಕೇಂದ್ರಗಳನ್ನು ಕಟ್ಟಿದುದಲ್ಲದೆ, ಆಯಾ ಕೇರಿಯ ಸ್ತ್ರೀಯರನ್ನೇ ಮನೆಗೂ ಕೇಂದ್ರಕ್ಕೂ ನಡುವಣ ಕೊಂಡಿಯಾಗಿ ನೇಮಿಸಿತು. ನೆರೆಮನೆಯವಳು ನೆರೆಮನೆಯ ಮಾತಿನಲ್ಲಿಯೇ ಹೇಳುವಳಷ್ಟೆ. 2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದಲ್ಲಿ ಈ ಕೆಲಸ ಆಶಾ ಕಾರ್ಯಕರ್ತೆಯರದಾಯಿತು. ಅಭಿಯಾನದ ಮಾನದಂಡದಲ್ಲಿ 50,000 ಜನರಿಗೆ ಒಂದು ಪ್ರಾಥಮಿಕ ಕೇಂದ್ರ. ಸಾಲುಗಟ್ಟಿ ನಿಂತವರಿಗೆ ವೈದ್ಯೆಯು ಕೊಡಬಲ್ಲ ನಿಮಿಷಗಳನ್ನು ವಾಚಕರೇ ಎಣಿಸಿಕೊಳ್ಳಬಹುದು. ಹೀಗಿರುವಲ್ಲಿ ತಿಳಿಸುವ ಕೆಲಸವು ಆಶಾ ಕಾರ್ಯಕರ್ತೆಯ ಪಾಲಿನದೇ ಸರಿ. ಆದರೆ ಶಸ್ತ್ರಚಿಕಿತ್ಸೆಗೆ ಕರೆತಂದವರಿಗೆ ಹಣ ಸಲ್ಲುವ ಪದ್ಧತಿಯಿರುವಾಗ, ತಿಳಿಸುವವಳನ್ನೇ ‘ಪ್ರೇರಕಿ’ಯನ್ನಾಗಿಯೂ ಮಾಡಿದಂತಾಯಿತು. ಇಂಥವಳ ಮಾತು ವಿಧಿಯೋ ಅರ್ಥವಾದವೋ? ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಘೋಷಣೆಯು ಶುದ್ಧ ಅರ್ಥವಾದ. ಕಿವಿಗೆ ಇಂಪು, ಮಾಡಬೇಕಾದುದನ್ನು ಹೊಗಳುತ್ತದೆ, ಮಾಡುವ ಬಗೆಯನ್ನೂ ಅದರ ಕಷ್ಟವನ್ನೂ ಹೇಳುವುದಿಲ್ಲ. ಗೋಡೆಯ ಮೇಲೆ ಅದು ಇರಬಹುದು, ವೈದ್ಯೆಯ ಕೋಣೆಯಲ್ಲಿ ಸಾಲದು.

ವೈದ್ಯಕೌಶಲವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. 2014ರ ನವೆಂಬರಿನಲ್ಲಿ ಬಿಲಾಸಪುರದ ಬಳಿಯ ಶಿಬಿರವೊಂದರಲ್ಲಿ ಒಬ್ಬನೇ ಶಸ್ತ್ರವೈದ್ಯನು ಕೆಲವೇ ಗಂಟೆಗಳಲ್ಲಿ 83 ಮಂದಿ ಸ್ತ್ರೀಯರಿಗೆ ಚಿಕಿತ್ಸೆ ಮಾಡಿದುದೂ, ಆ ದಿನಗಳ ಶಿಬಿರಗಳಿಗೆ ಬಂದವರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಮೃತರಾದುದೂ ಎಲ್ಲರಿಗೂ ತಿಳಿದ ದುಃಖ. ಶಿಬಿರಗಳ ವಿಷಯವಾಗಿ ಅದಕ್ಕೆ ಮೊದಲೇ ಸುಪ್ರೀಂ ಕೋರ್ಟಿನಲ್ಲಿದ್ದ ದೇವಿಕಾ ಬಿಸ್ವಾಸ್ ಮೊಕದ್ದಮೆಯಲ್ಲಿ 2016ರ ಸೆಪ್ಟೆಂಬರಿನಲ್ಲಿ ಬಂದ ತೀರ್ಪು ಮೂರು ವರ್ಷಗಳೊಳಗೆ ಶಿಬಿರಗಳನ್ನು ನಿಲ್ಲಿಸಬೇಕೆಂದಿತು. ಅದರಲ್ಲಿ ನಮ್ಮ ವಿಚಾರಕ್ಕೆ ಮುಖ್ಯವಾದುದು ಮತ್ತೊಂದು. ಚಿಕಿತ್ಸೆಯ ವಿವರವನ್ನು ಬಂದವರಿಗೆ ತಿಳಿಯುವ ಭಾಷೆಯಲ್ಲಿಯೇ ವಿವರಿಸಬೇಕು; ಹಾಗೆ ವಿವರಿಸಿದಮೇಲೂ ಮನಸ್ಸು ಬದಲಾಯಿಸಲು ಅವಕಾಶವಿರುವಂತೆ ಸುಮಾರು ಒಂದು ಗಂಟೆಯ ಬಿಡುವನ್ನು ಕೊಡಬೇಕು. ಶಾಸ್ತ್ರ ಓದದ ನ್ಯಾಯಾಧಿಪತಿಗಳು ಶಾಬ್ದಬೋಧದ ನಿಯಮವನ್ನೇ ಆಜ್ಞಾರೂಪದಲ್ಲಿ ಕೊಟ್ಟರೆಂದು ನಮಗೆ ಸಂತೋಷವಾಯಿತು. ಮಾತು ಅರ್ಥವಾಗಲು ಕಾಲವೂ ಬೇಕೆಂಬುದು ಬ್ರೂಸ್ ಅವರ ಆರರಲ್ಲಿ ಎಲ್ಲಿಯೂ ಸ್ಪಷ್ಟವಾಗಿ ಬಂದಿಲ್ಲ.

ಆ ಲಕ್ಷಣವನ್ನು 2018ರಲ್ಲಿ ಅನ್ರುಧ್ ಜೈನ್, ಕ್ಯಾರೆನ್ ಹಾರ್ಡೀ ಎಂಬಿಬ್ಬರು ಪರಿಷ್ಕರಿಸಿದರು. ‘ಕೊಡುವ ತಿಳಿವಳಿಕೆ’ ಎಂಬಲ್ಲಿ ‘ವಿನಿಮಯ’ವೆಂಬ ಭಾವ ಬಂದುದು ದೊಡ್ಡ ಸುಧಾರಣೆ, ಹೇಳುವವರು ಕೇಳಲೂ ಬೇಕೆಂದಾಯಿತು. ಅಳತೆಗಾರರೂ ಈಗ ಸ್ತ್ರೀಯನ್ನು ಮೂರು ಪ್ರಶ್ನೆ ಕೇಳುತ್ತಾರೆ: ಬೇರೆ ಉಪಾಯಗಳನ್ನು ನಿನಗೆ ಹೇಳಿದರೇ? ಇದರ ಉಪದ್ರವಗಳನ್ನು ಹೇಳಿದರೇ? ಉಪದ್ರವವಾದರೆ ಏನು ಮಾಡಬೇಕೆಂದು ಹೇಳಿದರೇ? ಬಳಿಕ ಇನ್ನೊಂದನ್ನು ಸೇರಿಸಿದರು: ಬೇಡವೆನಿಸಿದರೆ ಬೇರೊಂದಕ್ಕೆ ಬದಲಾಯಿಸಬಹುದೆಂದು ಹೇಳಿದರೇ? ನಾಲ್ಕೂ ಸಾಧುವಾದ ಪ್ರಶ್ನೆಗಳೇ. ಆದರೆ ನಾಲ್ಕೂ ‘ಹೇಳಿದರೇ’ ಎಂದು ಕೇಳುತ್ತವೆ. ‘ತಿಳಿಯಿತೇ’ ಎಂದು ಕೇಳುವುದಿಲ್ಲ. ವಕ್ತೃವಿನ ವ್ಯಾಪಾರವನ್ನು ಅಳೆದು ಶ್ರೋತೃವಿನ ಜ್ಞಾನವನ್ನು ಊಹಿಸಿಕೊಳ್ಳುವುದು ಲಕ್ಷಣಕಾರನಿಗೆ ತಕ್ಕದ್ದಲ್ಲ.

ಉಳಿದುದು ಮುಂದುವರಿಯುವ ಆರೈಕೆ. ಇದರಲ್ಲಿಯೂ ಶಬ್ದದ ಪಾಪವೇ ಇದೆ. ಉಪಾಯವನ್ನು ನಿಲ್ಲಿಸಿದವರನ್ನು ಲೆಕ್ಕದಲ್ಲಿ ‘ಬಿಟ್ಟವರು’ ಎಂದು ಬರೆಯುವ ವಾಡಿಕೆಯುಂಟು. 380ಎ ಎಂಬ ತಾಮ್ರದ ವಂಕಿಯ ಆಯುಷ್ಯ ಹತ್ತು ವರ್ಷ. ಇಪ್ಪತ್ತೆರಡರ ಪ್ರಾಯದಲ್ಲಿ ಅದನ್ನು ಹಾಕಿಸಿಕೊಂಡವಳು ಇಪ್ಪತ್ತೈದರಲ್ಲಿ ಮತ್ತೊಂದು ಮಗು ಬೇಕೆಂದು ತೆಗೆಸಿಕೊಳ್ಳಲು ಬಂದರೆ, ಅವಳು ಯೋಜನೆಯನ್ನು ಬಿಟ್ಟವಳೋ, ಯೋಜನೆಯನ್ನು ನಿಜವಾಗಿ ನಡೆಸಿದವಳೋ? ಅವಳು ಬಂದಾಗ ಏಕೆ, ಏನೆಂದು ಗದರಿಸದೆ ಅದೇ ದಿನ ತೆಗೆದುಕೊಟ್ಟ ಕೇಂದ್ರವು ಆರನೆಯ ಅಂಗದವರೆಗೂ ಗುಣವತ್ತಾದುದು. ಅಂತಹ ಕೇಂದ್ರದ ದಪ್ತರದಲ್ಲಿ ಹಾಕಿಸಿಕೊಂಡವರಿಗೆ ಮೀಸಲಾದ ಕಲಮಿನ ಪಕ್ಕದಲ್ಲಿ ಕೇಳಿ ತೆಗೆಸಿಕೊಂಡವರಿಗೂ ಒಂದು ಕಲಮನ್ನು ಎಳೆದು, ಅದನ್ನೂ ಸೇವೆಯೆಂದೇ ಎಣಿಸಬೇಕೆಂಬುದು ನಮ್ಮ ಸೂಚನೆ.