ಅಂಕಿತವೂ ಸರ್ವರಿನ ಗುರುತೂ

ಕನ್ನಡದ ವಚನಗಳಲ್ಲಿಯೂ ಕೀರ್ತನೆಗಳಲ್ಲಿಯೂ ಅಂಕಿತವು ಎರಡು ಕಾರ್ಯಗಳನ್ನು ನೆರವೇರಿಸುವುದು. ಹಲವು ರಚನೆಗಳು ಒಬ್ಬರವೇ ಎಂದು ಕೂಡಿಸಿ ತೋರಿಸುವುದು ಮೊದಲನೆಯದು. ಕರ್ತೃವಿನ ಹೆಸರನ್ನು ದೇವರ ಹೆಸರಿನ ಮರೆಯಲ್ಲಿರಿಸುವುದು ಎರಡನೆಯದು. ಇವು ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಗುರುತಿಸುವುದು ಬೇರೆ, ಬಯಲುಮಾಡುವುದು ಬೇರೆ. ಈ ಭೇದವನ್ನು ಮರೆತಾಗಲೇ ಕರ್ತೃನಿರ್ಣಯದಲ್ಲಿ ತೊಡಕುಗಳು ಹುಟ್ಟುವುವು.

ಆಧುನಿಕ ಗಣಕಶಾಸ್ತ್ರದಲ್ಲಿ ಇದೇ ಪ್ರಶ್ನೆಯು ಬೇರೊಂದು ರೂಪದಲ್ಲಿ ಬಂದಿದೆ. ಕ್ಲೌಡ್ ವ್ಯವಸ್ಥೆಯಲ್ಲಿ ಒಂದು ಸರ್ವರಿನ ಮೇಲೆ ಹಲವು ಬಾಡಿಗೆದಾರರ ವರ್ಚುವಲ್ ಯಂತ್ರಗಳು ನಡೆಯುವುವು. ತನ್ನ ಎರಡು ಯಂತ್ರಗಳೂ ಒಂದೇ ಸರ್ವರಿನಲ್ಲಿವೆಯೇ ಎಂಬುದನ್ನು ಬಾಡಿಗೆದಾರನು ಅರಿಯಬೇಕು. ಇದ್ದರೆ, ಆ ಸರ್ವರು ಕೆಟ್ಟಾಗ ಎರಡೂ ಒಟ್ಟಿಗೆ ನಿಲ್ಲುವುವು. ಆದರೆ ಸರ್ವರಿನ ನಿಜನಾಮವು ಅವನಿಗೆ ತಿಳಿಯಕೂಡದು. ತಿಳಿದರೆ ಒಡೆಯನ ವ್ಯವಸ್ಥೆಯ ಒಳರಚನೆಯು ಬಯಲಾಗಿ, ಪರರ ಯಂತ್ರದ ನೆರೆಯನ್ನು ಹುಡುಕುವ ವಂಚಕರಿಗೆ ದಾರಿಯಾಗುವುದು. ಆದುದರಿಂದ ಓಪನ್‌ಸ್ಟ್ಯಾಕ್ ಎಂಬ ತಂತ್ರಾಂಶವು ಬಾಡಿಗೆದಾರನ ಪ್ರಾಜೆಕ್ಟಿನ ಗುರುತುಸಂಖ್ಯೆಯನ್ನೂ ಸರ್ವರಿನ ಹೆಸರನ್ನೂ ಜೋಡಿಸಿ, ಎಸ್‌ಎಚ್‌ಎ-224 ಎಂಬ ಗಣಿತಕ್ರಮದಿಂದ 56 ಅಕ್ಷರಗಳ ಗುರುತೊಂದನ್ನು ರಚಿಸಿಕೊಡುವುದು. ಒಬ್ಬನೇ ಬಾಡಿಗೆದಾರನಿಗೆ ಒಂದು ಸರ್ವರಿನ ಗುರುತು ಸದಾ ಒಂದೇ. ಬೇರೊಬ್ಬನಿಗೆ ಅದೇ ಸರ್ವರಿನ ಗುರುತು ಬೇರೆ. ಇಬ್ಬರೂ ತಮ್ಮ ಗುರುತುಗಳನ್ನು ಹೋಲಿಸಿ ನೋಡಿದರೂ ಏನನ್ನೂ ಅರಿಯಲಾರರು.

ಇನ್ನು ಅಂಕಿತದ ಕಡೆಗೆ ನೋಡಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಈ ಸೀಮೆಯು ಎರಡು ನಿದರ್ಶನಗಳನ್ನು ಒದಗಿಸುವುದು. ಹರಪನಹಳ್ಳಿಯ ಭೀಮವ್ವನ ಅಂಕಿತವು ‘ಭೀಮೇಶಕೃಷ್ಣ’. ಬಲ್ಲವರಿಗೆ ಇದರಲ್ಲಿ ಆಕೆಯ ಹೆಸರೇ ಕಾಣುವುದು. ಅರಿಯದವರಿಗೆ ದೇವರ ಹೆಸರು ಮಾತ್ರ ಕೇಳುವುದು. ಎರಡನೆಯದು ಸರ್ವಜ್ಞನದು. ಹಡಗಲಿ ಸೀಮೆಯ ಉತ್ತಂಗಿಯ ಹೆಸರನ್ನು ಧರಿಸಿದ್ದ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು. ಅಂಥ ಸಂಪಾದಕನು ಎದುರಿಸುವ ಕಷ್ಟವು ಸ್ಪಷ್ಟವೇ ಆಗಿದೆ: ತ್ರಿಪದಿಯ ಕೊನೆಗೆ ‘ಸರ್ವಜ್ಞ’ ಎಂದು ಸೇರಿಸಲು ಯಾರಿಗೂ ಅಡ್ಡಿಯಿಲ್ಲ.

ಇವುಗಳನ್ನು ತೂಗಿ ನೋಡಿದರೆ ಗುಣದೋಷಗಳು ವಿಶದವಾಗುವುವು. ಅಂಕಿತವು ಎಲ್ಲರಿಗೂ ಒಂದೇ. ಆದುದರಿಂದ ಅನುಕರಣಕ್ಕೆ ಸುಲಭ. ಸರ್ವರಿನ ಗುರುತನ್ನು ರಚಿಸುವವನು ಒಡೆಯನೊಬ್ಬನೇ. ಆದರೆ ಅದೂ ನಿರ್ದೋಷವಲ್ಲ. 56 ಅಕ್ಷರಗಳಿಂದ ಹಿಂದಕ್ಕೆ ನಡೆದು ಹೆಸರನ್ನು ಪಡೆಯಲಾಗದೆಂಬುದು ನಿಜ. ಆದರೂ ತನ್ನ ಪ್ರಾಜೆಕ್ಟಿನ ಸಂಖ್ಯೆಯನ್ನು ಬಲ್ಲ ಬಾಡಿಗೆದಾರನು, ಸರ್ವರಿಗೆ ಇರಬಹುದಾದ ಹೆಸರುಗಳನ್ನು ಊಹಿಸಿ ಒಂದೊಂದನ್ನೂ ಅದೇ ಗಣಿತಕ್ಕೆ ಒಡ್ಡಿ ಹೋಲಿಸಬಲ್ಲನು. ಹೆಸರುಗಳು ಸರಳವಾದ ಕ್ರಮದಲ್ಲಿದ್ದರೆ ಮರೆಯು ಹರಿಯುವುದು. ಊಹಿಸಬಲ್ಲವನಿಗೆ ಭೀಮವ್ವನ ಹೆಸರು ಅಂಕಿತದಲ್ಲಿ ತೋರುವಂತೆಯೇ ಇದು.

ಮತ್ತೊಂದು ವಿಷಯವು ಇದಕ್ಕಿಂತ ಮುಖ್ಯವಾದುದು. ಯಾವ ಗುರುತು ಯಾವ ಸರ್ವರಿನದೆಂಬ ತಿಳಿವು ಒಡೆಯನಲ್ಲಿ ಉಳಿದಿರುವುದು. ಅಂಕಿತಗಳ ವಿಷಯದಲ್ಲಿ ಆ ತಿಳಿವನ್ನು ಕಾದಿರಿಸಿದುದು ಸಂಪ್ರದಾಯ. ಆಯ್ದಕ್ಕಿ ಲಕ್ಕಮ್ಮನ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ವೆಂಬ ಅಂಕಿತದಲ್ಲಿ ಗಂಡನ ಹೆಸರುಂಟು, ಆಕೆಯ ಹೆಸರಿಲ್ಲ. ಸಂಪ್ರದಾಯವು ಹೇಳದಿದ್ದರೆ ಲಕ್ಕಮ್ಮನೆಂಬವಳು ಇದ್ದಳೆಂದು ಅಂಕಿತವೊಂದರಿಂದಲೇ ತಿಳಿಯುತ್ತಿರಲಿಲ್ಲ. ಹೆಂಗಸರ ಬಾಯಲ್ಲಿ ಉಳಿದ ಹಾಡುಗಳಿಗೆ ಈ ಅಪಾಯವು ಹೆಚ್ಚು: ಹಾಡೂ ಅಂಕಿತವೂ ಉಳಿದು, ಹಾಡಿದವಳು ಮಾತ್ರ ಅಳಿಯುವಳು.

ಆದುದರಿಂದ ಅಂಕಿತವು ಕರ್ತೃವಿನ ಸಾಕ್ಷ್ಯವಲ್ಲ, ಕೃತಿಗಳ ಗುಂಪಿನ ಗುರುತು ಎಂದು ಮೊದಲು ಎಣಿಸುವುದು ಯುಕ್ತ. ಸಂಗ್ರಾಹಕರು ಹಾಡಿನೊಡನೆ ಊರನ್ನೂ, ಅದು ಯಾರದೆಂದು ಅಲ್ಲಿಯವರು ಹೇಳುವರೆಂಬುದನ್ನೂ ಬರೆದಿಡಬೇಕು. ಭಾಷೆ, ಛಂದಸ್ಸು, ಪ್ರತಿಗಳ ಪರಂಪರೆ ಇವು ಒಪ್ಪಿದ ಬಳಿಕವೇ ಹೆಸರನ್ನು ನಿರ್ಣಯಿಸಬೇಕು. ಮರೆಯು ಕವಿಯು ತಾನೇ ಬಯಸಿದುದಾಗಿರಬಹುದು. ಮರೆವು ಮಾತ್ರ ವಿದ್ವಾಂಸರ ಅಜಾಗರೂಕತೆಯಿಂದ ಬರುವುದು.